ಅಕ್ಷರಕ್ಕೆ ತೊಡಕುವ ಮಕ್ಕಳು: ವಾಕ್-ಶ್ರವಣ ತಜ್ಞೆಯೊಡನೆ ಪ್ರಶ್ನೋತ್ತರ

ನಿರ್ವಾಹಕರು: ಕಾಸರಗೋಡಿನ ಕನ್ನಡ ಶಾಲಾ ಪೋಷಕರ ಈ ಬಳಗದಲ್ಲಿ ಇಂದು ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದರಲ್ಲಿನ ತೊಡಕಿನ ಕುರಿತ ಪ್ರಶ್ನೆಗಳಿಗೆ ತಜ್ಞೆಯೊಬ್ಬರು ಉತ್ತರಿಸುತ್ತಾರೆ. ಮಕ್ಕಳ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬರೆಯಬಾರದು.

ನೀರ್ಚಾಲಿನ ತಾಯಿ: ಮಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಪದ್ಯಗಳೆಲ್ಲ ಬಾಯಿಪಾಠ. ಆದರೆ ಪುಸ್ತಕ ತೆರೆದರೆ ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದುತ್ತಾನೆ, ‘ಶಾಲೆಗೆ’ ಎಂದು ಬರೆಯಲು ಹೇಳಿದರೆ ‘ಶಲಗೆ’ ಎಂದು ಬರೆಯುತ್ತಾನೆ. ಮನೆಯಲ್ಲಿ ನಾವು ಮಾತನಾಡುವುದು ತುಳು. ಅದೇ ಕಾರಣವೇ?

ತಜ್ಞೆ: ತುಳು ಕಾರಣವಲ್ಲ, ಮನೆಯಲ್ಲಿ ತುಳುವನ್ನು ನಿಲ್ಲಿಸಬೇಡಿ. ಕನ್ನಡದ ಕಾಗುಣಿತ ಮತ್ತು ಒತ್ತಕ್ಷರಗಳು ಪೂರ್ತಿ ಕೈವಶವಾಗಲು ಎಲ್ಲ ಮಕ್ಕಳಿಗೂ ಕೆಲವು ವರ್ಷಗಳು ಬೇಕಾಗುತ್ತವೆ, ಆದುದರಿಂದ ತಪ್ಪುಗಳನ್ನಷ್ಟೇ ನೋಡಿ ತೀರ್ಮಾನಿಸಲಾಗದು. ಪುಸ್ತಕವನ್ನು ಮುಚ್ಚಿಟ್ಟು, ‘ನವಿಲು’ ಎಂಬ ಪದದಿಂದ ‘ನ’ ತೆಗೆದರೆ ಏನು ಉಳಿಯುತ್ತದೆ ಎಂದು ಬಾಯಿಮಾತಿನಲ್ಲಿಯೇ ಕೇಳಿ ನೋಡಿ. ಡಿಸ್ಲೆಕ್ಸಿಯಾ ಇರುವ ಅನೇಕ ಮಕ್ಕಳು ಅಲ್ಲಿಯೇ ತಡವರಿಸುತ್ತಾರೆ, ಏಕೆಂದರೆ ತೊಡಕು ಇರುವುದು ಕಣ್ಣಿನಲ್ಲಲ್ಲ, ಪದವನ್ನು ಧ್ವನಿಗಳಾಗಿ ಬಿಡಿಸುವುದರಲ್ಲಿ. ಮೊದಲು ಕಿವಿ ಮತ್ತು ಕಣ್ಣನ್ನು ಪರೀಕ್ಷಿಸಿರಿ. ಅನಂತರ ಮುಖ್ಯೋಪಾಧ್ಯಾಯರ ಮೂಲಕ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನು ಕಾಣಿರಿ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಕನ್ನಡದಲ್ಲಿಯೂ ಇದೆ. ಮಗುವನ್ನು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಪರೀಕ್ಷಿಸಿ ಫಲಿತಾಂಶ ಕೊಟ್ಟರೆ ಒಪ್ಪಬೇಡಿ. ವಿವರವಾದ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಪೆರ್ಲದ ಸದಸ್ಯರು: ಇದು ಗುಣವಾಗಲು ಮಾತ್ರೆ ಇದೆಯೇ?

ತಜ್ಞೆ: ಇಲ್ಲ. ಕಲಿಸುವ ಕ್ರಮವೇ ಚಿಕಿತ್ಸೆ.

ಸೀತಾಂಗೋಳಿಯ ಸದಸ್ಯರು: ನನ್ನ ತಮ್ಮನಿಗೆ 26 ವರ್ಷ. ಶಾಲೆಯಲ್ಲಿ ಅವನನ್ನು ದಡ್ಡನೆಂದೇ ಕರೆದರು. ದೊಡ್ಡವರಿಗೆ ಪರೀಕ್ಷೆ ಎಲ್ಲಿ ಮಾಡುತ್ತಾರೆ?

ಬದಿಯಡ್ಕದ ಸದಸ್ಯರು: ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ. ಬಜೆಯನ್ನು ಜೇನಿನಲ್ಲಿ ತೇಯ್ದು 48 ದಿನ ನಾಲಿಗೆಗೆ ಸವರಿದರೆ ಅಕ್ಷರ ನಿಲ್ಲುತ್ತದೆ. ಬಣ್ಣದ ಕನ್ನಡಕವೂ ಪರಿಣಾಮಕಾರಿ.

ತಜ್ಞೆ: ಈ ಸಂದೇಶವನ್ನು ನಾನು ಈ ತಿಂಗಳಿನಲ್ಲಿ ಐದನೆಯ ಬಾರಿ ಓದುತ್ತಿದ್ದೇನೆ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕ ಇಲಿಗಳಲ್ಲಿ ಗೆಡ್ಡೆಗಳನ್ನು ಉಂಟುಮಾಡಿದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಬಣ್ಣದ ಕನ್ನಡಕದಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಲ್ಲಿನ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿವೆ. ಕಳುಹಿಸುವ ಮೊದಲು ಒಮ್ಮೆ ಯೋಚಿಸಬಾರದೇ?

ಬದಿಯಡ್ಕದ ಸದಸ್ಯರು: ನಮ್ಮ ಅಜ್ಜಿ ನಮಗೆಲ್ಲ ಬಜೆ ತೇಯ್ದವರೇ. ನಾವೇನೂ ಸತ್ತಿಲ್ಲ.

ಮುಳ್ಳೇರಿಯದ ತಾಯಿ: ಮಗಳಿಗೆ ಒಂಬತ್ತು ವರ್ಷ. ಕಳೆದ ವರ್ಷ ಅಜ್ಜನಿಗೆ ಪತ್ರಿಕೆಯ ತಲೆಬರಹಗಳನ್ನು ತಾನೇ ಓದಿ ಹೇಳುತ್ತಿದ್ದಳು. ಓಣಂ ರಜೆಯ ಅನಂತರ ಓದುವಾಗ ನಡುವೆ ನಿಂತುಬಿಡುತ್ತಾಳೆ, ಮತ್ತೆ ಬೇರೆ ಸಾಲಿನಿಂದ ಶುರುಮಾಡುತ್ತಾಳೆ. ನಕಲು ಬರೆಯುವಾಗ ಪದದ ಅರ್ಧದಲ್ಲಿ ಪೆನ್ಸಿಲು ಕೆಳಕ್ಕೆ ಎಳೆದ ಗೆರೆಯಾಗಿ ಜಾರಿರುತ್ತದೆ. ಮೊನ್ನೆ ಕೈಯಿಂದ ಲೋಟ ಬಿತ್ತು. ಡಿಸ್ಲೆಕ್ಸಿಯಾ ಇರಬಹುದು, ಟ್ಯೂಷನ್ ಕೊಡಿಸಿ ಎಂದು ಶಾಲೆಯಲ್ಲಿ ಹೇಳಿದರು.

ತಜ್ಞೆ: ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೆ ಉತ್ತರಿಸುತ್ತೇನೆ. ಡಿಸ್ಲೆಕ್ಸಿಯಾ ಎಂದರೆ ಓದು ಬರುವುದು ಕಷ್ಟವಾಗುವುದು. ಬಂದ ಓದು ಹೋಗುವುದಲ್ಲ. ಕಳೆದ ವರ್ಷ ಸರಾಗವಾಗಿ ಓದುತ್ತಿದ್ದ ಮಗು ಕೆಲವೇ ತಿಂಗಳುಗಳಲ್ಲಿ ಹಿಂದೆ ಸರಿದರೆ ಟ್ಯೂಷನ್ ಹುಡುಕುವ ಮೊದಲು ಮಕ್ಕಳ ನರರೋಗ ತಜ್ಞರನ್ನು ಕಾಣಬೇಕು, ಅದೂ ಈ ವಾರದಲ್ಲಿಯೇ. ನೀವು ಬರೆದ ಆ ಜಾರಿದ ಪೆನ್ಸಿಲ್ ಗೆರೆ ನನ್ನನ್ನು ಯೋಚನೆಗೆ ಹಚ್ಚಿದೆ. ಮೂರ್ಛೆರೋಗದ ಒಂದು ಬಗೆಯಲ್ಲಿ ಮಗು ಬೀಳುವುದಿಲ್ಲ, ನೊರೆ ಬರುವುದಿಲ್ಲ; ಕೆಲವು ಸೆಕೆಂಡುಗಳ ಕಾಲ ದಿಟ್ಟಿಸಿ ನೋಡುತ್ತಾ ಇದ್ದುಬಿಡುತ್ತದೆ, ಅನಂತರ ಏನೂ ಆಗದಂತೆ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಬಾರಿ ಹೀಗಾದರೆ ಪಾಠದ ತುಂಡುಗಳೇ ಕಳೆದುಹೋಗುತ್ತವೆ, ಅಧ್ಯಾಪಕರ ಕಣ್ಣಿಗೆ ಅದು ಹಗಲುಗನಸಿನಂತೆ ಕಾಣುತ್ತದೆ. ಇದಕ್ಕೆ ಒಳ್ಳೆಯ ಔಷಧಿಗಳಿವೆ. ಆದರೆ ಇದೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ, ಬೇರೆ ಕಾರಣಗಳನ್ನೂ ವೈದ್ಯರು ನೋಡಬೇಕಾಗುತ್ತದೆ. ಅದಕ್ಕಾಗಿ ದಡಾರದ ಲಸಿಕೆ ಹಾಕಿಸಿದ ಕಾರ್ಡನ್ನು ಮತ್ತು ಕಳೆದ ವರ್ಷದ ಹಾಗೂ ಈ ವರ್ಷದ ನಕಲು ಪುಸ್ತಕಗಳನ್ನು ಒಟ್ಟಿಗೆ ಕೊಂಡೊಯ್ಯಿರಿ. ಅವಳು ನಿಂತುಬಿಡುವ ಹೊತ್ತನ್ನು ಮೊಬೈಲಿನಲ್ಲಿ ಚಿತ್ರೀಕರಿಸಿರಿ. ಅಲ್ಲಿಯವರೆಗೆ ತೋಟದ ಕೆರೆಯ ಬಳಿಗೆ ಒಬ್ಬಳನ್ನೇ ಬಿಡಬೇಡಿ, ಸ್ನಾನದ ಕೋಣೆಗೆ ಚಿಲಕ ಬೇಡ. ಮೈ ನಡುಗುವಿಕೆ ಐದು ನಿಮಿಷ ದಾಟಿದರೆ ಯಾರನ್ನೂ ಕೇಳದೆ ಹತ್ತಿರದ ಆಸ್ಪತ್ರೆಗೆ ಓಡಿರಿ.

ಮಂಜೇಶ್ವರದ ಸದಸ್ಯರು: ಇದಕ್ಕೆಲ್ಲ ಕಾರಣ ಕನ್ನಡ ಮಾಧ್ಯಮ. ಇಂಗ್ಲಿಷ್ ಶಾಲೆಗೆ ಹಾಕಿದರೆ ಮುಗಿಯಿತು.

ಪೈವಳಿಕೆಯ ಅಧ್ಯಾಪಕರು: ಕನ್ನಡವೇ ಬಾರದವರನ್ನು ಕನ್ನಡ ಶಾಲೆಗಳಿಗೆ ನೇಮಿಸಿ, ಮಕ್ಕಳಿಗೆ ಓದು ಬರುವುದಿಲ್ಲ ಎಂದು ಹಣೆಪಟ್ಟಿ ಹಚ್ಚುವುದು ಯಾವ ನ್ಯಾಯ? ಮಾಧ್ಯಮದ ಮೇಲೆ ತಪ್ಪು ಹೊರಿಸುವುದು ಸುಲಭ.

ಮಂಜೇಶ್ವರದ ಸದಸ್ಯರು: ನಿಮ್ಮ ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆ, ಮೊದಲು ಅದನ್ನು ಹೇಳಿ.

ಪೈವಳಿಕೆಯ ಅಧ್ಯಾಪಕರು: ಅದು ನಿಮಗೆ ಸಂಬಂಧಿಸಿದ್ದಲ್ಲ.

ತಜ್ಞೆ: ಸರಿಯಾದ ಕಲಿಕೆ ದೊರೆತಿಲ್ಲದ ಮಗುವಿಗೆ ಡಿಸ್ಲೆಕ್ಸಿಯಾ ಎಂದು ಹೇಳುವಂತಿಲ್ಲ, ಅಲ್ಲಿಯವರೆಗೆ ಅಧ್ಯಾಪಕರ ಮಾತು ಸರಿ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬರೆದಂತೆ ಓದದ ಇಂಗ್ಲಿಷಿನ ಕಾಗುಣಿತ ಇನ್ನಷ್ಟು ಕಷ್ಟ. ಉಳಿದ ಜಗಳವನ್ನು ಬೇರೆಡೆ ಮಾಡಿಕೊಳ್ಳಿ.

ಕುಂಬಳೆಯ ತಂದೆ: ಮಗ ಹತ್ತನೆಯ ತರಗತಿ. ಮಂಗಳೂರಿನ ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆಯೇ?

ತಜ್ಞೆ: ವರದಿಯೇ ಪ್ರಮಾಣಪತ್ರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ, ಆದರೆ ಪ್ರಮಾಣಪತ್ರ ಬರಬೇಕಾದದ್ದು ಸರ್ಕಾರ ಅಧಿಕಾರ ಕೊಟ್ಟ ವೈದ್ಯಕೀಯ ಮಂಡಳಿಯಿಂದ. ನೀವು ಕಾಸರಗೋಡಿನವರಾದ್ದರಿಂದ ಇಲ್ಲಿಯೇ ಅರ್ಜಿ ಹಾಕಿರಿ. ಇಂದೇ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಪರೀಕ್ಷೆ ಹತ್ತಿರ ಬಂದಾಗ ಹೋದವರು ಬರಿಗೈಯಲ್ಲಿ ಮರಳುತ್ತಾರೆ.

ಉಪ್ಪಳದ ಸದಸ್ಯರು: ಮಂಗಳೂರಿನ ವರದಿ ಕೇರಳದಲ್ಲಿ ನಡೆಯುತ್ತದೆಯೇ?

ತಜ್ಞೆ: ಮೇಲೆ ಓದಿ.

ಪೆರ್ಲದ ಸದಸ್ಯರು: ಬ್ರಾಹ್ಮೀ ಲೇಹ್ಯವಾದರೂ ಕೊಡಬಹುದೇ?

ತಜ್ಞೆ: ಮಾತ್ರೆಯ ಬಗ್ಗೆ ಹೇಳಿದ್ದನ್ನೇ ಲೇಹ್ಯಕ್ಕೂ ಓದಿಕೊಳ್ಳಿ.

ಬದಿಯಡ್ಕದ ಸದಸ್ಯರು: ಸೌಜನ್ಯದಿಂದ ಉತ್ತರಿಸಲು ಕಷ್ಟವಾದರೆ ಒಪ್ಪಿಕೊಳ್ಳಬಾರದಿತ್ತು.

ನಿರ್ವಾಹಕರು: ಸದಸ್ಯರು ಸಂಯಮದಿಂದ ಬರೆಯಬೇಕು.

ಮುಳ್ಳೇರಿಯದ ತಾಯಿ: ಶುಕ್ರವಾರಕ್ಕೆ ಮಂಗಳೂರಿನಲ್ಲಿ ಸಮಯ ಸಿಕ್ಕಿದೆ. ಈಗ ಊಟಕ್ಕೆ ಕುಳಿತಾಗಲೂ ತುತ್ತು ಕೈಯಲ್ಲಿಯೇ ಇತ್ತು, ಕರೆದರೂ ತಿರುಗಲಿಲ್ಲ. ಮೊಬೈಲಿನಲ್ಲಿ ಹಿಡಿದಿದ್ದೇನೆ, ಹನ್ನೊಂದು ಸೆಕೆಂಡು.

ತಜ್ಞೆ: ಅದನ್ನು ಅಳಿಸಬೇಡಿ, ವೈದ್ಯರಿಗೆ ಮೊದಲು ಅದನ್ನೇ ತೋರಿಸಿರಿ. ಇಇಜಿ, ಅಂದರೆ ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ಅಲೆಗಳನ್ನು ನೋಡುವ ಪರೀಕ್ಷೆ ಮಾಡಿಸಲು ಹೇಳಬಹುದು. ಗುರುವಾರ ತಲೆ ತೊಳೆಸಿರಿ, ಎಣ್ಣೆ ಹಚ್ಚಬೇಡಿ.

ಸೀತಾಂಗೋಳಿಯ ಸದಸ್ಯರು: ತಮ್ಮನ ವಿಷಯ ಕೇಳಿದ್ದೆ.