ಆಪರೇಷನ್ ಮಧ್ಯೆ ಒಂದು ರಿಪೋರ್ಟ್, 11 ದಿನಕ್ಕೆ ಇನ್ನೊಂದು. ಯಾವುದನ್ನು ನಂಬೋದು?

ಸಕಲೇಶಪುರದ ಮಗಳು:
ಅಮ್ಮನಿಗೆ 61. ಮುಟ್ಟು ನಿಂತು ಹತ್ತು ವರ್ಷ ಆದಮೇಲೆ ಮತ್ತೆ ರಕ್ತ ಕಾಣಿಸಿತು. ಕಾಫಿ ಕುಯ್ಲು ಮುಗೀಲಿ ಅಂತ ಎರಡು ತಿಂಗಳು ಬಾಯಿ ಬಿಡಲಿಲ್ಲ! ಗರ್ಭಕೋಶದ ಒಳಪದರದ ಕ್ಯಾನ್ಸರ್. ಹಾಸನದಲ್ಲಿ ಆಪರೇಷನ್ ಆಯಿತು. ಗರ್ಭಕೋಶ ತೆಗೆದ ಕೂಡಲೇ ಫ್ರೋಜನ್ ಸೆಕ್ಷನ್‌ಗೆ (ತುಣುಕನ್ನು ಹೆಪ್ಪುಗಟ್ಟಿಸಿ ಆಗಲೇ ನೋಡುವ ಪರೀಕ್ಷೆ) ಕಳಿಸಿದರು. ಅರ್ಧ ಗಂಟೆಗೆ ಡಾಕ್ಟರ್ ಹೊರಗೆ ಬಂದು, "ಗ್ರೇಡ್ 1, ಗೋಡೆಯ ಅರ್ಧದೊಳಗೇ ಇದೆ, ಲಿಂಫ್ ನೋಡ್ ತೆಗೆಯುವುದು ಬೇಡ" ಅಂದರು. ಗ್ರೇಡ್ ಅಂದರೆ ಕ್ಯಾನ್ಸರ್ ಎಷ್ಟು ಜೋರು ಅನ್ನೋ ಅಂದಾಜು, 1 ಅಂದರೆ ಕಡಿಮೆ. ನಾವು ನೆಮ್ಮದಿಯಾಗಿ ಕಾಫಿ ಕುಡಿದೆವು.

ಫೈನಲ್ ರಿಪೋರ್ಟ್‌ನಲ್ಲಿ ಗ್ರೇಡ್ 2. 16 ಮಿಲಿಮೀಟರ್ ಗೋಡೆಯಲ್ಲಿ 9 ಮಿಲಿಮೀಟರ್ ಇಳಿದಿದೆ. ಒಂದೇ ಮಿಲಿಮೀಟರ್‌ನಲ್ಲಿ ಅರ್ಧ ದಾಟಿದೆ. ಈಗ ರೇಡಿಯೇಷನ್ ಅಂತಿದ್ದಾರೆ. ಅಣ್ಣ ಕೇಸ್ ಹಾಕೋಣ ಅಂತ ಕೂತಿದ್ದಾನೆ. ತಪ್ಪು ಯಾರದು?

ಚಿಕ್ಕಮಗಳೂರಿನ ಪೆಥಾಲಜಿ ಡಾಕ್ಟರ್:
ಫೈನಲ್ ರಿಪೋರ್ಟನ್ನೇ ನಂಬಿ. ಫ್ರೋಜನ್‌ನಲ್ಲಿ ಕಣ್ಣಿಗೆ ಆಳ ಅನ್ನಿಸಿದ ಜಾಗದಿಂದ ಒಂದೆರಡು ತುಣುಕು ತೆಗೆದು, ಮೈನಸ್ 20 ಡಿಗ್ರಿ ಹತ್ತಿರ ಗಟ್ಟಿ ಮಾಡಿ, ತೆಳ್ಳಗೆ ಕುಯ್ದು, ಬಣ್ಣ ಹಾಕಿ ನೋಡುತ್ತೇವೆ. ಐಸ್ ಹರಳಿನಿಂದ ಜೀವಕೋಶ ಕಲೆಸಿದ ಹಾಗೆ ಕಾಣುತ್ತದೆ. ಅಡಿನೋಮಯೋಸಿಸ್ (ಒಳಪದರದ ಅಂಶ ಗರ್ಭಕೋಶದ ಗೋಡೆಯೊಳಗೆ ಬೆಳೆದಿರುವುದು) ಇದ್ದರಂತೂ ಕ್ಯಾನ್ಸರ್ ಎಷ್ಟು ಆಳ ಹೋಗಿದೆ ಅಂತ ಹೇಳುವುದು ಕಷ್ಟ. ಫೈನಲ್‌ಗೆ ತುಣುಕನ್ನು ಫಾರ್ಮಲಿನ್ ದ್ರವದಲ್ಲಿ ಇಟ್ಟು, ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತೇವೆ; ಜಾಸ್ತಿ ಜಾಗ, ಜಾಸ್ತಿ ಸಮಯ. ಫ್ರೋಜನ್ "ಆಳ ಇದೆ" ಅಂದರೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. "ಇಲ್ಲ" ಅಂದಾಗಲೇ ಕೆಲವು ಸಲ ಕೈ ಕೊಡುವುದು.

ಒಂದು ಕೆಲಸ ಮಾಡಿ. ಫ್ರೋಜನ್ ತುಣುಕಿನಲ್ಲಿ ಉಳಿದದ್ದನ್ನೂ ಆಮೇಲೆ ಮೇಣದಲ್ಲಿ ಹಾಕಿ ನೋಡುತ್ತೇವೆ. ಅದರಲ್ಲಿ ಏನಿತ್ತು ಅಂತ ಕೇಳಿ. ಅಲ್ಲೂ ಗ್ರೇಡ್ 1 ಇದ್ದರೆ ಓದಿದವರ ತಪ್ಪಲ್ಲ, ತುಣುಕು ಸಿಕ್ಕ ಜಾಗ ಹಾಗಿತ್ತು ಅಷ್ಟೇ.

ಮೂಡಿಗೆರೆ ಪ್ಲಾಂಟರ್:
ಕಾಫಿ ವ್ಯಾಪಾರಿ ಮೂಟೆಯಿಂದ ಒಂದು ಹಿಡಿ ತೆಗೆದು ಓಟಿ (ಸಿಪ್ಪೆ ಹೋದರೆ ಎಷ್ಟು ಬೀಜ ಸಿಗುತ್ತೆ ಅಂತ) ನೋಡುತ್ತಾನಲ್ಲ, ಹಾಗೇ ಅಲ್ವಾ ಇದು? ಪೂರ್ತಿ ಮೂಟೆ ಮಿಲ್ ಆದಮೇಲೆ ಲೆಕ್ಕ ಬೇರೆ ಬರುತ್ತೆ. ನಮ್ಮ ಅತ್ತಿಗೆಗೂ ಹೀಗೇ ಆಯಿತು. ಬ್ಲಾಕ್, ಸ್ಲೈಡ್ ಇಸ್ಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿದೆವು. ತಂಗಿ, ರೇಡಿಯೇಷನ್ ಶುರುವಾಗೋ ಮುಂಚೆ ಆ ಕೆಲಸ ಮುಗಿಸು.

ಸಕಲೇಶಪುರದ ಮಗಳು:
ಕೇಳಿದೆ. ಆ ತುಣುಕಿನಲ್ಲಿ ಗ್ರೇಡ್ 1 ಮಾತ್ರ ಇತ್ತಂತೆ. 9 ಮಿಲಿಮೀಟರ್ ಸಿಕ್ಕಿದ್ದು ಗರ್ಭಕೋಶದ ಬಲಗಡೆ ಮೂಲೆಯಿಂದ ತೆಗೆದ ಬ್ಲಾಕ್‌ನಲ್ಲಿ. ಅಣ್ಣ ಸುಮ್ಮನಾಗಿದ್ದಾನೆ, ಸದ್ಯಕ್ಕೆ. ಸೋಮವಾರ ಬ್ಲಾಕ್ ಕೊಡುತ್ತಾರೆ. ಬಸ್ಸಿನಲ್ಲಿ ಬಿಸಿಲಿಗೆ ಮೇಣ ಕರಗಲ್ಲ ತಾನೇ?