ಪದ ಬೇಕು, ತುರ್ತು: ಫಾಲ್ಕನ್, ಸ್ಟೂಪ್, ಸ್ಕ್ರೇಪ್, ಹೈಡ್ (ಫಲಕ ನಾಳೆ ಅಚ್ಚಿಗೆ)

ಬಳಗದವರಿಗೆ ನಮಸ್ಕಾರ.

ಪೆರೆಗ್ರಿನ್ ಫಾಲ್ಕನ್ ಮರಿ ಮಾಡುವ ಕಡಿದಾದ ಬಂಡೆಯೊಂದರ ದಾರಿಯಲ್ಲಿ ನಿಲ್ಲಿಸುವ ಫಲಕಕ್ಕೂ, ಫೋಟೊ ತೆಗೆಯಲು ಬರುವವರಿಗೆ ಹಂಚುವ ಒಂದು ಹಾಳೆಗೂ ಕನ್ನಡ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಫಾಲ್ಕನ್‌ಗೆ ಏನು ಬರೆಯಲಿ, ಗಿಡುಗವೋ ಚಾಣವೋ ಡೇಗೆಯೋ? ಹಕ್ಕಿ ಎತ್ತರದಿಂದ ರೆಕ್ಕೆ ಮಡಚಿಕೊಂಡು ಬೇಟೆಯ ಮೇಲೆ ಬೀಳುತ್ತದಲ್ಲ, ಆ 'ಸ್ಟೂಪ್'ಗೆ ಏನು? ಕರಡಿನಲ್ಲಿ 'ಧುಮುಕುವಿಕೆ' ಎಂದಿದೆ, ಓದಿದರೆ ಮಿಂಚುಳ್ಳಿಯ ನೆನಪಾಗುತ್ತದೆ. ಮೊಟ್ಟೆಯಿಡುವ ಜಾಗದ 'ಸ್ಕ್ರೇಪ್', ಅಡಗಿ ಕೂರುವ 'ಹೈಡ್' ಕೂಡ ಬಾಕಿ ಇವೆ. ಫಲಕದಲ್ಲಿ ಆರು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಚಿಕ್ಕ ಪದಗಳಾದರೆ ಉಪಕಾರ.

– ಮಾ.

*

ಗಿಡುಗ ಬೇಡವೇ ಬೇಡ. ಆಡುಮಾತಿನಲ್ಲಿ ಅದು ಶಿಕ್ರಾ ಜಾತಿಗೆ ಅಂಟಿಕೊಂಡಿದೆ. ಶಿಕ್ರಾದ ರೆಕ್ಕೆ ಮೊಂಡು, ಬಾಲ ಉದ್ದ, ಬೆಳೆದ ಹಕ್ಕಿಯ ಕಣ್ಣು ಹಳದಿ ಅಥವಾ ಕೆಂಪು. ಫಾಲ್ಕನ್‌ನ ರೆಕ್ಕೆ ತುದಿಗೆ ಚೂಪು, ಕಣ್ಣು ಕಪ್ಪೆನ್ನುವಷ್ಟು ಗಾಢ ಕಂದು, ಕಣ್ಣಿನ ಕೆಳಗೆ ಮೀಸೆಯಂಥ ಕಪ್ಪು ಪಟ್ಟೆ. ಗಿಡುಗ ಉಗುರಿನಿಂದ ಹಿಸುಕಿ ಕೊಲ್ಲುತ್ತದೆ. ಫಾಲ್ಕನ್ ಕಾಲಿನಿಂದ ಹೊಡೆದು ಕೆಡವಿ, ಮೇಲ್ಕೊಕ್ಕಿನ ಅಂಚಿನಲ್ಲಿರುವ ಹಲ್ಲಿನಂಥ ಮೊನೆಯಿಂದ ಕತ್ತು ಮುರಿಯುತ್ತದೆ. 2008ರಲ್ಲಿ ಬಂದ ವಂಶವಾಹಿ ಅಧ್ಯಯನದ ಮೇಲಂತೂ ಫಾಲ್ಕನ್‌ಗಳು ಹದ್ದು, ಗಿಡುಗಗಳಿಗಿಂತ ಗಿಳಿಗಳಿಗೆ ಹತ್ತಿರದ ನೆಂಟರು ಎಂದಾಗಿದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಫಲಕ ಓದಿದವರು ತಪ್ಪು ಹಕ್ಕಿ ಹುಡುಕುತ್ತಾರೆ.

ಹಕ್ಕಿ ನೋಡುವವರ ಬಾಯಲ್ಲಿ ಈಗಾಗಲೇ 'ಚಾಣ' ಓಡಾಡುತ್ತಿದೆ. ಪೆರೆಗ್ರಿನ್‌ಗೆ 'ದೊಡ್ಡ ಚಾಣ' ಎನ್ನಿ, ಸಾಕು.

– ಶ್ರೀ.

*

ಚಾಣ ಎಂದರೆ ಬಹಳ ಜನಕ್ಕೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಕೆಸ್ಟ್ರೆಲ್ ಮಾತ್ರ. ಅದನ್ನು ಎಳೆದು ಇಡೀ ಕುಲಕ್ಕೆ ಹೊದಿಸುವುದು ಯಾಕೆ? 'ಡೇಗೆ' ನಿಘಂಟಿನಲ್ಲಿದೆ. 'ಸಾಳುವ' ಇದೆ, ವಿಜಯನಗರವನ್ನು ಆಳಿದ ಸಾಳುವ ಮನೆತನದ ಹೆಸರಿಗೂ ಆ ಬೇಟೆಹಕ್ಕಿಯೇ ಮೂಲ ಎನ್ನುತ್ತಾರೆ. ಇಂಥ ಪದಗಳು ಬೇಡವಾದರೆ ಸಂಸ್ಕೃತದ 'ಶ್ಯೇನ' ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ.

– ವೆಂ.

*

ಶ್ಯೇನ ಹದ್ದೂ ಹೌದು, ಗಿಡುಗವೂ ಹೌದು, ಡೇಗೆಯೂ ಹೌದು. ಬೇರ್ಪಡಿಸಲಾರದ ಪದ ಫಲಕಕ್ಕೆ ಆಗದು. ಸಾಳುವ ಎಂದು ಬರೆದರೆ ಜನ ಶಾಸನ ಹುಡುಕುತ್ತಾರೆ. ಬಿಡಿ ಅದನ್ನು.

ಸ್ಟೂಪ್‌ಗೆ ಬರೋಣ. ಇಲ್ಲಿ ಪದ ಹುಟ್ಟಿಸುವ ಕೆಲಸವೇ ಇಲ್ಲ: ಎರಗು. ಪಾದಕ್ಕೆರಗು, ಸಿಡಿಲೆರಗು, ಹಗೆಯ ಮೇಲೆರಗು. ಬಾಗುವುದು, ಮೇಲಿನಿಂದ ಬಂದು ಬೀಳುವುದು ಎರಡೂ ಒಂದೇ ಧಾತುವಿನಲ್ಲಿವೆ. ಹಳಗನ್ನಡದಲ್ಲಿ ಎಱಗು, ತಮಿಳಿನ ಇಱಂಗು ಇದರ ಒಡಹುಟ್ಟು. ನಾಮಪದ ಬೇಕಿದ್ದರೆ 'ಎಱಕ'. ಹಾಳೆಯಲ್ಲಿ ಹಳಗನ್ನಡದ ಱ ಅಕ್ಷರ ಉಳಿಸಿಕೊಳ್ಳಬೇಕೆಂದು ನನ್ನ ಒತ್ತಾಯ. ಎಱಕೆ ಎಂದರೆ ರೆಕ್ಕೆ, ಅದೂ ಇದೇ ಬೇರಿನದು. ರೆಕ್ಕೆ ಮಡಚಿ ಬೀಳುವುದಕ್ಕೆ ಇದಕ್ಕಿಂತ ಒಪ್ಪುವ ಪದ ಇಲ್ಲ.

– ನಾ. ಭ.

*

> ಎಱಕೆ ಎಂದರೆ ರೆಕ್ಕೆ, ಅದೂ ಇದೇ ಬೇರಿನದು

ಅಲ್ಲ. ದನಿ ಹೋಲಿದ ಮಾತ್ರಕ್ಕೆ ಬೇರು ಒಂದಾಗುವುದಿಲ್ಲ. ತಮಿಳಿನಲ್ಲೂ ಇಳಿಯುವ ಇಱಂಗು ಒಂದು, ರೆಕ್ಕೆಯ ಇಱಕು ಇನ್ನೊಂದು. ಎರಡನ್ನೂ ಹೊಲಿಯುವ ಸಾಕ್ಷ್ಯ ತೋರಿಸಿ, ಆಮೇಲೆ ಮಾತಾಡೋಣ. ಱ ಇಲ್ಲದೆ ಎರಕ ಎಂದು ಅಚ್ಚಾದರೆ ಓದುವವರು ಲೋಹ ಹೊಯ್ಯುವ ಎರಕ ಎಂದೇ ಓದುತ್ತಾರೆ. ಱ ಇದ್ದರೆ ಅರ್ಧ ಜನ ಓದುವುದೇ ಇಲ್ಲ. ಕ್ರಿಯಾಪದವಾಗಿ 'ಎರಗು' ಬಳಸಿ, ಮುಗಿಯಿತು.

– ಗಿ.

*

ಎರಗುವುದಕ್ಕೆ ನನ್ನ ಒಪ್ಪಿಗೆ. ಆದರೆ ಹಾಳೆಯಲ್ಲಿ ಮೂರು ಹಾರಾಟ ಬೇರೆಬೇರೆ ಕಾಣಬೇಕು, ಕ್ಯಾಮೆರಾ ಸಿದ್ಧತೆ ಮೂರಕ್ಕೂ ಬೇರೆ: ಎತ್ತರದಿಂದ ಎರಗುವುದು, ಮಟ್ಟಸವಾಗಿ ಬೆನ್ನಟ್ಟುವುದು, ಕೆಸ್ಟ್ರೆಲ್‌ನ ಹಾಗೆ ಗಾಳಿಯಲ್ಲಿ ನಿಲ್ಲುವುದು. ಎಲ್ಲದಕ್ಕೂ 'ದಾಳಿ' ಎಂದು ಬರೆದಿದ್ದರೆ ಹೊಡೆದುಹಾಕಿ.

ಈಗ 'ಸ್ಕ್ರೇಪ್'. ಇದೇ ನಿಮ್ಮ ಫಲಕದ ಜೀವ. ದಯವಿಟ್ಟು 'ಗೂಡಿನ ಬಳಿ ಹೋಗಬೇಡಿ' ಎಂದು ಬರೆಯಬೇಡಿ. ದೊಡ್ಡ ಚಾಣ ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನ ಮೇಲಿನ ಮಣ್ಣು, ಜಲ್ಲಿಯನ್ನು ಎದೆ ಕಾಲುಗಳಿಂದ ಕೆದರಿ, ಬೋಗುಣಿಯಷ್ಟು ತಗ್ಗು ಮಾಡಿ, ಅದರಲ್ಲೇ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. 'ಗೂಡು' ಓದಿದವರು ಕಡ್ಡಿಯ ರಾಶಿ ಹುಡುಕುತ್ತಾರೆ, ಕಾಣುವುದಿಲ್ಲ, ಇಲ್ಲಿ ಏನೂ ಇಲ್ಲ ಎಂದುಕೊಂಡು ಬಂಡೆಯ ನೆತ್ತಿಗೆ ಹತ್ತಿ ಅಂಚಿನಲ್ಲಿ ಕೂರುತ್ತಾರೆ. ಆಗುವ ಅನಾಹುತವೆಲ್ಲ ಅಲ್ಲೇ. ಕೆಳಗೆ ದೂರದಲ್ಲಿ ನಿಂತವರನ್ನು ಈ ಹಕ್ಕಿ ಬಹುಮಟ್ಟಿಗೆ ಸಹಿಸುತ್ತದೆ, ತನ್ನ ತಲೆಯ ಮೇಲೆ ಬಂದವರನ್ನು ಸಹಿಸುವುದಿಲ್ಲ. ಕೆಕ್-ಕೆಕ್-ಕೆಕ್ ಎಂದು ಒಂದೇ ಸಮ ಕೂಗುತ್ತ ಸುತ್ತುತ್ತದೆ, ಅಷ್ಟು ಹೊತ್ತು ಮೊಟ್ಟೆ ಬಿಸಿಲಿಗೋ ಚಳಿಗೋ ತೆರೆದುಕೊಂಡಿರುತ್ತದೆ. ಕಾವು ಸುಮಾರು ಒಂದು ತಿಂಗಳು, ಮರಿ ಹಾರಲು ಇನ್ನೂ ಆರು ವಾರ. ಐದು ವಾರ ದಾಟಿದ ಮರಿ ಬೆದರಿದರೆ ರೆಕ್ಕೆ ಬಲಿಯುವ ಮೊದಲೇ ಅಂಚಿನಿಂದ ಜಿಗಿದುಬಿಡುತ್ತದೆ.

ಪದವೇ ಬೇಕಿದ್ದರೆ 'ಕೆದರುಗುಳಿ'. ಫಲಕದಲ್ಲಿ ಅದೂ ಬೇಡ, 'ಬಂಡೆಯ ಅಂಚಿನ ಬರಿ ಜಲ್ಲಿಯಲ್ಲಿ ಮೊಟ್ಟೆ ಇದೆ' ಎಂದು ಬಿಡಿಸಿ ಹೇಳಿ.

ಹೈಡ್‌ಗೆ 'ಮರೆ' ಧಾರಾಳ ಸಾಕು. ಅದನ್ನು ಹಕ್ಕಿ ಬಂದು ಕೂರುವ ಮರ, ಬೇಟೆಯ ಗರಿ ಕೀಳುವ ಕಲ್ಲು, ಇಂಥ ಕಡೆಗೆ ಮಾತ್ರ ಹೇಳಿ. ಕೆದರುಗುಳಿಯ ಎದುರು ಮರೆ ಕಟ್ಟುವ ಮಾತು ಹಾಳೆಯಲ್ಲಿ ಬರಲೇಬಾರದು. ಮರೆಯನ್ನು ದೂರದಲ್ಲಿ ನಿಲ್ಲಿಸಿ ದಿನಕ್ಕಷ್ಟಷ್ಟು ಹತ್ತಿರ ಸರಿಸಬೇಕು. ಒಳಗೆ ಹೋಗುವಾಗ ಇಬ್ಬರು ಹೋಗಿ ಒಬ್ಬರು ಎದ್ದುಕಾಣುವಂತೆ ವಾಪಸು ನಡೆಯಬೇಕು.

– ಶ್ರೀ.

*

ಇಷ್ಟೆಲ್ಲ ಕನ್ನಡ ಮಾಡಿ ಹಾಳೆಯಲ್ಲಿ 'ಶಟರ್', 'ಆಟೋಫೋಕಸ್' ಹಾಗೇ ಬಿಟ್ಟರೆ ಏನು ಬಂತು? ಶಟರ್‌ಗೆ 'ಕದ', ಅಪರ್ಚರ್‌ಗೆ 'ಕಿಂಡಿ', ಫೋಕಸ್‌ಗೆ 'ನಾಟ'. ಎರವಲಿಗೆ ಒಂದು ಬಾಗಿಲು ತೆರೆದರೆ ಮುಚ್ಚುವವರಿಲ್ಲ. ಒಂದು ತಲೆಮಾರಿನಲ್ಲಿ 'ಎರಗು' ಹೋಗಿ 'ಸ್ಟೂಪ್ ಮಾಡಿತು' ಬರುತ್ತದೆ.

– ನಾ. ಭ.

*

ಹಾಳೆ ಹಿಡಿದು ನಿಂತವರ ಕೈ ನೋಡಿ ಬರೆಯಬೇಕು, ಸರ್. ಹಕ್ಕಿ ಎರಗುವಾಗ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಅಂದರೆ ಸೆಕೆಂಡಿಗೆ 83 ಮೀಟರ್. ಶಟರ್ 1/1000 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಹಕ್ಕಿ 8 ಸೆಂ.ಮೀ. ಸರಿದಿರುತ್ತದೆ, 1/3200ಕ್ಕೆ ಇಟ್ಟರೂ ಎರಡೂವರೆ ಸೆಂ.ಮೀ. ಅದಕ್ಕೇ ಲೆನ್ಸನ್ನು ಹಕ್ಕಿಯ ಜೊತೆಗೇ ಬೀಸುತ್ತ ಹೋಗದೆ ಗತಿಯಿಲ್ಲ. ಮಟ್ಟಸ ಹಾರಾಟಕ್ಕೆ 1/2000, ಕೂತ ಹಕ್ಕಿಗೆ 1/500 ಸಾಕು. ಬೆನ್ನತ್ತುವ ಆಟೋಫೋಕಸ್ ಹಾಕಿ, ಲೆನ್ಸಿನ ಪಕ್ಕದ ಗುಂಡಿಯಿಂದ ಹತ್ತಿರದ ದೂರವನ್ನು ಕತ್ತರಿಸಬೇಕು. ಇಲ್ಲವಾದರೆ ಹಕ್ಕಿ ತಪ್ಪಿದ ಕೂಡಲೇ ಲೆನ್ಸು ಮೂಗಿನ ತುದಿಯಿಂದ ಬೆಟ್ಟದವರೆಗೆ ತಡಕಾಡಿ ಬರುವಷ್ಟರಲ್ಲಿ ಬೇಟೆ ಮುಗಿದಿರುತ್ತದೆ. ಬೆಳಕಿನ ಅಳತೆಯನ್ನು ಕ್ಯಾಮೆರಾಕ್ಕೆ ಬಿಡಬಾರದು. ಬೆಳ್ಳನೆಯ ಆಕಾಶದಿಂದ ಕಪ್ಪು ಬಂಡೆಯ ಮುಂದಕ್ಕೆ ಹಕ್ಕಿ ಬರುವಾಗ ಕ್ಯಾಮೆರಾ ಮೋಸಹೋಗಿ ಎದೆಯ ಬಿಳಿಯನ್ನು ಸುಟ್ಟುಬಿಡುತ್ತದೆ. ಆ ಎದೆಯ ವಿವರವೇ ಮುಖ್ಯ, ಅಡ್ಡಪಟ್ಟೆ ಇದ್ದರೆ ಬೆಳೆದ ಹಕ್ಕಿ, ಉದ್ದಗೆರೆ ಇದ್ದರೆ ಮೊದಲ ವರ್ಷದ್ದು. ಬಿಸಿಲೇರಿದ ಮೇಲೆ ಕಾದ ಬಂಡೆಯಿಂದ ಏಳುವ ಝಳಕ್ಕೆ 600 ಮಿ.ಮೀ. ಲೆನ್ಸೂ ಚೂಪಾದ ಚಿತ್ರ ಕೊಡುವುದಿಲ್ಲ, ಲೆನ್ಸನ್ನು ಬೈದು ಫಲವಿಲ್ಲ.

ಇದರಲ್ಲಿ 'ನಾಟ' ಎಂದು ಬರೆದರೆ ಯಾವ ಗುಂಡಿ ಒತ್ತಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಕ್ಯಾಮೆರಾದ ಪರದೆಯಲ್ಲಿ ಕಾಣುವ ಹೆಸರೇ ಹಾಳೆಯಲ್ಲೂ ಇರಬೇಕು.

– ಪ್ರ.

*

ಹಾಗಿದ್ದರೆ ಸ್ಟೂಪ್ ಕೂಡ ಇರಲಿ ಎನ್ನಿ. ನಿಮ್ಮ ತರ್ಕ ಅಲ್ಲಿಗೇ ಹೋಗುತ್ತದೆ.

– ನಾ. ಭ.

*

ಹೋಗುವುದಿಲ್ಲ. ಹಕ್ಕಿ ಎರಗುವುದನ್ನು ಕನ್ನಡದವರು ಕ್ಯಾಮೆರಾ ಬರುವ ಎಷ್ಟೋ ಮೊದಲೇ ಕಂಡಿದ್ದಾರೆ, ಹೆಸರಿಟ್ಟಿದ್ದಾರೆ. ಕಂಡದ್ದಕ್ಕೆ ನಮ್ಮ ಪದ ಇದೆ, ಅದನ್ನು ಬಿಟ್ಟು ಸಾಲ ತರುವುದು ಸೋಮಾರಿತನ. ಪೆಟ್ಟಿಗೆಯೊಳಗೆ ಹೆಸರು ಹೊತ್ತೇ ಬಂದ ಯಂತ್ರದ ಭಾಗಕ್ಕೆ ಹೊಸ ಹೆಸರು ಕಟ್ಟುವುದು ಬೇರೆ ಕೆಲಸ, ಅದಕ್ಕೆ ಇವತ್ತಿನ ರಾತ್ರಿ ಸಾಲದು.

– ಗಿ.

*

ಎಲ್ಲರಿಗೂ ಧನ್ಯವಾದ. ಹಾಳೆಯಲ್ಲಿ ಎರಗು, ಕೆದರುಗುಳಿ, ಮರೆ. ಕ್ಯಾಮೆರಾದ ಮಾತು ಇದ್ದಂತೆ. ಫಲಕ ಹೀಗೆ:

ಇಲ್ಲಿ ದೊಡ್ಡ ಚಾಣ ಮರಿ ಮಾಡುತ್ತಿದೆ.
ಗೂಡು ಇರುವುದಿಲ್ಲ, ಬಂಡೆಯ ಅಂಚಿನ ಬರಿ ಜಲ್ಲಿಯಲ್ಲಿ ಮೊಟ್ಟೆ ಇದೆ.
ಬಂಡೆಯ ನೆತ್ತಿಗೆ ಹತ್ತಬೇಡಿ.
ಗೆರೆಯ ಹಿಂದೆ ನಿಂತು ನೋಡಿ, ಫೋಟೊ ತೆಗೆಯಿರಿ.
ಹಕ್ಕಿ ಕೂಗುತ್ತ ಸುತ್ತತೊಡಗಿದರೆ ತಕ್ಷಣ ಹಿಂದೆ ಸರಿಯಿರಿ.
ಡ್ರೋನ್ ಹಾರಿಸಬೇಡಿ.

– ಮಾ.

*

ಮೂರನೆಯ ಸಾಲನ್ನು ಮೊದಲಿಗೆ ತನ್ನಿ, ಅಕ್ಷರ ಉಳಿದವಕ್ಕಿಂತ ದಪ್ಪ ಇರಲಿ. ಫಲಕವನ್ನು ಬಂಡೆಯ ಬುಡದಲ್ಲಿ ನೆಡಬೇಡಿ, ನೆತ್ತಿಗೆ ಹೋಗುವ ಕಾಲುದಾರಿ ಕವಲೊಡೆಯುವಲ್ಲಿ ನೆಡಿ. ಬುಡಕ್ಕೆ ಬಂದವರು ಆಗಲೇ ಗೆರೆ ದಾಟಿರುತ್ತಾರೆ.

– ಶ್ರೀ.

*

ಫಲಕದಲ್ಲಾದರೂ 'ಫೋಟೊ' ತೆಗೆದು 'ಚಿತ್ರ' ಮಾಡಿ.

– ನಾ. ಭ.