ಬಟ್ಟೆ ಹಾಕ್ಕೊಳ್ಳೋ ಉದ್ಯೋಗ

"ಕೂತ್ಕೊಳೋ ಸೀನಾ, ಎಷ್ಟೊತ್ತು ಹಂಗೇ ನಿಂತಿರ್ತೀಯ?" ಅಂದ ಗುಂಡ.

"ಬೇಡ, ನಿಂತೇ ಇರ್ತೀನಿ."

"ಯಾಕೋ, ಮೂಲವ್ಯಾಧಿನಾ?"

"ಥೂ! ಪ್ಯಾಂಟು ಕಣೋ. ಕೂತ್ರೆ ಮಂಡಿ ಹತ್ರ ಸುಕ್ಕು ಬೀಳುತ್ತೆ, ಹಿಂದೆ ಧೂಳಾಗುತ್ತೆ. ನಾಳೆ ವಾಪಸ್ ಕಳಿಸ್ಬೇಕು ಇದನ್ನ."

ನಾಣಿ ಪೇಪರ್ ಮಡಚಿ ಪಕ್ಕಕ್ಕಿಟ್ಟ. ನಾಣಿ ಪೇಪರ್ ಪಕ್ಕಕ್ಕಿಟ್ಟ ಅಂದ್ರೆ ಅವತ್ತು ಯಾರದ್ದೋ ಗ್ರಹಚಾರ ಕೆಟ್ಟಿದೆ ಅಂತಲೇ ಲೆಕ್ಕ.

"ಯಾರದಪ್ಪಾ ಪ್ಯಾಂಟು?"

"ನಂದೇ. ಅಂದ್ರೆ, ನಾಳೆ ತನಕ ನಂದೇ. ಆನ್‌ಲೈನ್‌ನಲ್ಲಿ ತರಿಸಿದ್ದು, ಬೆಳಿಗ್ಗೆ ರೀಲ್ ಮಾಡಿ ಆಯ್ತು, ಟ್ಯಾಗ್ ಕಿತ್ತಿಲ್ಲ, ಒಳಗಡೆ ಮಡಚಿ ಪಿನ್ ಹಾಕಿದೀನಿ. ಸ್ವಲ್ಪ ಚುಚ್ಚುತ್ತೆ ಅಷ್ಟೆ. ನೋಡು, ಫ್ಯಾಷನ್ ಇನ್‌ಫ್ಲುಯೆನ್ಸರ್ ಆಗೋದು, ಅಂದ್ರೆ ಇನ್‌ಸ್ಟಾಗ್ರಾಮ್‌ನಲ್ಲಿ ಬಟ್ಟೆ ಹಾಕ್ಕೊಂಡು ತೋರ್ಸಿ ಜನಕ್ಕೆ ಅದನ್ನ ಹಿಡಿಸೋದು, ನೀವು ಅಂದ್ಕೊಂಡಷ್ಟು ಸುಲಭ ಅಲ್ಲ, ಅದಕ್ಕೇ ನಾನು ಇದ್ದ ಕೆಲಸಕ್ಕೂ ರಾಜೀನಾಮೆ ಕೊಟ್ಟೆ, ಫುಲ್ ಟೈಮ್ ಇದೇ ಇನ್ಮೇಲೆ."

ನಾಣಿ ಗುಂಡನ ಕಡೆ ತಿರುಗಿದ. "ನೋಡಿದ್ಯಾ? ನಾವೆಲ್ಲ ಕೆಲಸಕ್ಕೆ ಹೋಗೋಕೆ ಅಂತ ಬಟ್ಟೆ ಹಾಕ್ಕೋತೀವಿ. ಇವನು ಬಟ್ಟೆ ಹಾಕ್ಕೊಳ್ಳೋಕೆ ಅಂತ ಕೆಲಸ ಬಿಟ್ಟಿದಾನೆ."

ಅಷ್ಟೊತ್ತಿಗೆ ಪದ್ಮಕ್ಕ ಬಂದ್ರು. ಬಂದವರೇ "ಸುಮ್ನಿರೋ ನಾಣಿ, ನಿನಗೆ ಹೊಸದು ಏನು ಕಂಡ್ರೂ ಹೊಟ್ಟೆನೋವು" ಅಂತ ಶುರು ಮಾಡಿದ್ರು. "ಇದೊಂದು ದೊಡ್ಡ ಉದ್ಯಮ ಈಗ. ಯಾವತ್ತಿಂದ ಗೊತ್ತಾ? 2009ರಲ್ಲಿ ಮಿಲಾನ್‌ನಲ್ಲಿ ಡೋಲ್ಚೆ ಅಂಡ್ ಗಬ್ಬಾನಾ ಅನ್ನೋ ಬಟ್ಟೆ ಕಂಪನಿಯವರು ತಮ್ಮ ಫ್ಯಾಷನ್ ಶೋಗೆ ಬ್ಲಾಗ್ ಬರೆಯೋ ಹುಡುಗರನ್ನ ಕರೆಸಿ ಮೊದಲನೇ ಸಾಲಲ್ಲಿ ಕೂರಿಸಿದ್ರು, ಒಬ್ಬೊಬ್ಬರ ಮುಂದೆ ಒಂದೊಂದು ಲ್ಯಾಪ್‌ಟಾಪ್ ಇಟ್ಟು. ಅಲ್ಲಿ ತನಕ ಆ ಸಾಲು ದೊಡ್ಡ ದೊಡ್ಡ ಪತ್ರಿಕೆ ಸಂಪಾದಕರದ್ದು. ಮಾರನೇ ವರ್ಷ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಡಿಯೋರ್ ಶೋ, ಟಾವಿ ಗೆವಿನ್‌ಸನ್ ಅಂತ ಒಂದು ಹುಡುಗಿ, 13 ವರ್ಷ, ಮನೇಲಿ ಕೂತು ಬ್ಲಾಗ್ ಬರೀತಿದ್ದೋಳು, ತಲೆ ಮೇಲೆ ಇಷ್ಟು ದೊಡ್ಡ ರಿಬ್ಬನ್ ಥರದ ಬೋ ಕಟ್ಕೊಂಡು ಮುಂದೆ ಕೂತುಬಿಟ್ಳು. ಹಿಂದೆ ಕೂತಿದ್ದ ಪತ್ರಿಕೆಯವರಿಗೆ ಆ ಬೋ ಬಿಟ್ರೆ ಇನ್ನೇನೂ ಕಾಣ್ಲಿಲ್ಲವಂತೆ, ಅದೇ ದೊಡ್ಡ ಗಲಾಟೆ ಆಯ್ತು."

"ಅಲ್ಲಿಂದಲೇ ಶುರು ನೋಡಿ ಅಕ್ಕ" ಅಂದ ನಾಣಿ. "ಬಟ್ಟೆ ನೋಡೋಕೆ ಬಂದೋರಿಗೆ ಬಟ್ಟೆ ಕಾಣಿಸದ ಹಾಗೆ ಅಡ್ಡ ಕೂರೋದೇ ಒಂದು ಉದ್ಯೋಗ ಆಗಿದ್ದು."

ಗುಂಡನಿಗೆ ಇತಿಹಾಸ ಎಲ್ಲ ಬೇಡ, ಅವನದ್ದು ಯಾವಾಗಲೂ ಲೆಕ್ಕ. "ಸೀನಾ, ನಿಂಗೆ ಫಾಲೋಯರ್ಸ್ ಎಷ್ಟು?"

"1,100."

"ಪರವಾಗಿಲ್ಲ" ಅಂದ್ರು ಪದ್ಮಕ್ಕ. "1,000 ದಾಟಿದ್ರೆ ನ್ಯಾನೋ ಅಂತಾರೆ, 10,000 ದಾಟಿದ್ರೆ ಮೈಕ್ರೋ, ಲಕ್ಷ ದಾಟಿದ್ರೆ ಮ್ಯಾಕ್ರೋ, 10 ಲಕ್ಷ ಆದ್ಮೇಲೆ ಮೆಗಾ. ಸಣ್ಣೋರನ್ನೂ ಬ್ರಾಂಡಿನವರು ಹುಡುಕ್ಕೊಂಡು ಬರ್ತಾರೆ, ಎಂಗೇಜ್‌ಮೆಂಟ್, ಅಂದ್ರೆ ಫಾಲೋಯರ್ಸ್ ಲೈಕು ಕಾಮೆಂಟು ಹಾಕೋದು, ಚೆನ್ನಾಗಿದ್ರೆ. ಒಂದು ಪೋಸ್ಟಿಗೆ ಲೈಕು ಕಾಮೆಂಟು ಎಲ್ಲ ಸೇರಿ ಎಷ್ಟು ಬರುತ್ತೆ?"

"ಒಂದು... 22 ಬರುತ್ತೆ."

ಗುಂಡ ಬಾಯಲ್ಲೇ ಭಾಗಾಕಾರ ಮಾಡಿದ. "22 ಭಾಗಿಸು 1,100, ಇಂಟು ನೂರು. ನೂರಕ್ಕೆ ಎರಡು. ಮಿಕ್ಕ 1,078 ಜನ ಏನು ಮಾಡ್ತಿದಾರೆ?"

ಸೀನ ಪಿನ್ ಸರಿ ಮಾಡ್ಕೊಳ್ಳೋ ನೆಪದಲ್ಲಿ ಆ ಕಡೆ ತಿರುಗಿದ. ಆಮೇಲೆ ಗೊತ್ತಾಯ್ತು, ಅದರಲ್ಲಿ 800 ಜನ ದುಡ್ಡು ಕೊಟ್ಟು ತಂದಿದ್ದು.

"ಅಯ್ಯೋ ದಡ್ಡ!" ಪದ್ಮಕ್ಕ ತಲೆ ಚಚ್ಕೊಂಡ್ರು. "ಕೊಂಡ್ಕೊಂಡ ಫಾಲೋಯರ್ ಲೈಕ್ ಹಾಕ್ತಾನೇನೋ? ಕೆಳಗಿನ ಸಂಖ್ಯೆ ಊದುತ್ತೆ, ಮೇಲಿನದ್ದು ಅಲ್ಲೇ ಇರುತ್ತೆ, ಪರ್ಸೆಂಟೇಜ್ ಪಾತಾಳಕ್ಕೆ ಹೋಗುತ್ತೆ. ಬ್ರಾಂಡಿನವರು ಮೊದಲು ನೋಡೋದೇ ಅದನ್ನ."

"ಪಾಪ, ಪ್ಯಾಂಟಾದ್ರೆ ನಾಳೆ ವಾಪಸ್ ಹೋಗುತ್ತೆ" ಅಂದ ನಾಣಿ, "ಆ 800 ಜನಕ್ಕೆ ಟ್ಯಾಗೂ ಇಲ್ಲ, ಬಿಲ್ಲೂ ಇಲ್ಲ."

"ನಗ್ರಪ್ಪಾ ನಗ್ರಿ. ಎಲ್ಲಾರೂ ಹಿಂಗೇ ಮಾಡೋದು. ರಿಟರ್ನ್ ಮಾಡೋದು ನಾನೊಬ್ಬನೇ ಅಂದ್ಕೊಂಡ್ರಾ?"

ಈ ವಿಷಯದಲ್ಲಿ ಮಾತ್ರ ಸೀನ ಹೇಳಿದ್ದು ಸುಳ್ಳಲ್ಲ. 2018ರಲ್ಲಿ ಬ್ರಿಟನ್ನಿನಲ್ಲಿ ಬಾರ್ಕ್ಲೇಕಾರ್ಡ್ ಅನ್ನೋ ಕ್ರೆಡಿಟ್ ಕಾರ್ಡ್ ಕಂಪನಿಯವರು ಒಂದು ಸರ್ವೆ ಮಾಡ್ಸಿದ್ರು, ಅದರಲ್ಲಿ ನೂರಕ್ಕೆ 9 ಜನ ಒಪ್ಕೊಂಡಿದ್ರು, ಬಟ್ಟೆ ತರಿಸೋದು, ಸೋಶಿಯಲ್ ಮೀಡಿಯಾಗೆ ಫೋಟೋ ತೆಗೆಯೋದು, ವಾಪಸ್ ಕಳಿಸೋದು ಅಂತ. ಪದ್ಮಕ್ಕ ಇದನ್ನ ಹೇಳಿದ್ದೇ ತಡ ಗುಂಡನಿಗೆ ಒಂದು ಭಯ ಬಂತು. ಮೊನ್ನೆ ತಾನೆ ಹೊಸ ಶರ್ಟ್ ತರಿಸಿದ್ದ.

"ಅಂದ್ರೆ ನಾನು ಹೊಸದು ಅಂತ ಹಾಕ್ಕೊಂಡಿರೋ ಈ ಶರ್ಟನ್ನ ಈಗಾಗಲೇ ಯಾರೋ ಹಾಕ್ಕೊಂಡು ಕುಣಿದು ಬಿಟ್ಟಿರಬಹುದು?"

"ಹೆಮ್ಮೆ ಪಡೋ" ಅಂದ ನಾಣಿ. "ನಿನ್ನ ಶರ್ಟಾದ್ರೂ ಒಂದ್ಸಲ ವೈರಲ್ ಆಗಿರಬಹುದು."

ಮಾತು ದುಡ್ಡಿನ ಕಡೆ ಹೊರಳ್ತು. ಸೀನನ ಪ್ರಕಾರ ಸದ್ಯಕ್ಕೆ ಆದಾಯ ಬಾರ್ಟರ್ ರೂಪದಲ್ಲಿ ಬರ್ತಾ ಇದೆ, ಅಂದ್ರೆ ಕಂಪನಿಯವರು ಸಾಮಾನು ಕಳಿಸ್ತಾರೆ, ಇವನು ರೀಲ್ ಮಾಡಿ ಕೊಡ್ತಾನೆ, ದುಡ್ಡಿನ ಮಾತಿಲ್ಲ. ಇಲ್ಲಿ ತನಕ ಬಂದಿರೋದು ಒಂದು ಜೊತೆ ಕಾಲುಚೀಲ. ಅದಕ್ಕೆ ಮೂರು ರೀಲು, ಎರಡು ಸ್ಟೋರಿ, ಮತ್ತೆ ಮೂರು ತಿಂಗಳು ಬೇರೆ ಯಾವ ಕಂಪನಿ ಕಾಲುಚೀಲದ ಬಗ್ಗೆಯೂ ಮಾತಾಡಬಾರದು ಅಂತ ಕರಾರು.

"ಎರಡು ಕಾಲಿಗೆ ಮೂರು ರೀಲಾ?" ಅಂತ ಗುಂಡ.

"ಮೂರು ತಿಂಗಳು ಬೇರೆ ಕಾಲುಚೀಲದ ಮಾತೇ ಆಡಬಾರದು ಅಂತೆ, ಕೇಳಿದ್ಯಾ" ಅಂದ ನಾಣಿ. "ಮದುವೆಯಲ್ಲೂ ಇಷ್ಟು ಕಟ್ಟುನಿಟ್ಟು ಇರಲ್ಲ ಕಣೋ."

"ಬಿಟ್ಟಿ ಬಂದಿದ್ದು ಅಂತ ರೀಲ್‌ನಲ್ಲಿ ಹೇಳಿದ್ಯಾ ತಾನೆ?" ಪದ್ಮಕ್ಕ ಕಣ್ಣು ದೊಡ್ಡದು ಮಾಡಿದ್ರು. "ದುಡ್ಡು ತಗೊಂಡ್ರೆ ಮಾತ್ರ ಅಲ್ಲ, ಸಾಮಾನು ಪುಕ್ಕಟೆ ಬಂದಿದ್ರೂ ಅದನ್ನ ಎದ್ದು ಕಾಣೋ ಹಾಗೆ ಹೇಳ್ಬೇಕು. ಅಮೆರಿಕದಲ್ಲಿ ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಟಿಸಿಯವರು 2017ರಲ್ಲಿ 90ಕ್ಕೂ ಜಾಸ್ತಿ ಪತ್ರ ಬರೆದಿದ್ರು, ಇನ್‌ಫ್ಲುಯೆನ್ಸರ್‌ಗಳಿಗೆ, ಬ್ರಾಂಡಿನವರಿಗೆ, ಹ್ಯಾಶ್‌ಟ್ಯಾಗ್ ಗುಂಪಲ್ಲಿ ಎಲ್ಲೋ ಮೂಲೇಲಿ ಬಚ್ಚಿಟ್ರೆ ಆಗಲ್ಲ ಅಂತ."

"ಹೇಳ್ದೆ ಅಕ್ಕ. 'ಈ ಕಾಲುಚೀಲ ನನ್ನ ಜೀವನಾನೇ ಬದಲಾಯಿಸ್ತು' ಅಂದಮೇಲೆ, ಕೊನೇಲಿ ಹೇಳ್ದೆ."

ನಾಣಿ ಇದಕ್ಕೆ ಏನೂ ಅನ್ಲಿಲ್ಲ. ಸೀನನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದ. ಅವನ ಈ ಸುಮ್ಮನಿರೋದೇ ಹೆಚ್ಚು ಅಪಾಯ, ಯಾಕಂದ್ರೆ ಆಮೇಲೆ ಕಥೆ ಬರುತ್ತೆ. ಬಂತು.

"ಪೇಲೆಸ್ ಅಂತ ಅಮೆರಿಕದಲ್ಲಿ ಅಗ್ಗದ ಶೂ ಮಾರೋ ಕಂಪನಿ. 2018ರಲ್ಲಿ ಅವರೇನು ಮಾಡಿದ್ರು ಗೊತ್ತಾ, ಸಾಂಟಾ ಮೋನಿಕಾದಲ್ಲಿ ಮೊದಲು ಅರ್ಮಾನಿ ಅನ್ನೋ ದುಬಾರಿ ಬ್ರಾಂಡ್ ಇದ್ದ ಮಳಿಗೆ ಬಾಡಿಗೆಗೆ ಹಿಡಿದು, 'ಪಲೆಸ್ಸಿ' ಅಂತ ಇಟಲಿ ಥರ ಬೋರ್ಡು ಹಾಕಿ, ಅದೇ ಹಳೇ ಶೂಗಳನ್ನ ಗಾಜಿನ ಕಪಾಟಿನಲ್ಲಿ ದೀಪ ಬಿಟ್ಟು ಇಟ್ಟು, ಇನ್‌ಫ್ಲುಯೆನ್ಸರ್‌ಗಳನ್ನ ಪಾರ್ಟಿಗೆ ಕರೆದ್ರು. ಬಂದೋರೆಲ್ಲ ಶೂ ಮುಟ್ಟಿ ಮುಟ್ಟಿ, ಆಹಾ ಏನು ಕೆಲಸ, ಏನು ಗುಣಮಟ್ಟ ಅಂತ ಕ್ಯಾಮೆರಾ ಮುಂದೆ ಹೊಗಳಿದ್ದೇ ಹೊಗಳಿದ್ದು. 20ರಿಂದ 40 ಡಾಲರ್ ಮಾಲು. ಒಬ್ಬರಂತೂ 640 ಡಾಲರ್ ತನಕ ಕೊಟ್ರು! ಆಮೇಲೆ ಒಳಗೆ ಕರ್ಕೊಂಡು ಹೋಗಿ ನಿಜ ಹೇಳಿ, ದುಡ್ಡು ವಾಪಸ್ ಕೊಟ್ಟು, ಶೂನೂ ನೀವೇ ಇಟ್ಕೊಳಿ ಅಂದ್ರು."

"ಮೋಸ ಅಲ್ವಾ ಅದು?" ಅಂದ ಸೀನ.

"ಯಾವುದು? ಶೂ ಅದೇ, ಕಾಲು ಅದೇ. ಬೋರ್ಡು ಮಾತ್ರ ಬೇರೆ. ನೀನೂ ಆ ಬೋರ್ಡೇ ತಾನೆ, ಓಡಾಡೋ ಬೋರ್ಡು. ನಿನಗೆ ಕೂರೋಕೂ ಇಲ್ಲ, ಪಾಪ, ಬೋರ್ಡು ಎಲ್ಲಾದ್ರೂ ಕೂರುತ್ತಾ?"

ಗುಂಡ ಎಲ್ಲೋ ಓದಿದ್ದು ನೆನಪಾಗಿ ನಡುವೆ ಬಾಯಿ ಹಾಕಿದ. "ಲಿಲ್ ಮಿಕೆಲಾ ಅಂತ ಒಬ್ಳಿದಾಳೆ ಕಣೋ, 2016ರಿಂದ ಇನ್‌ಸ್ಟಾಗ್ರಾಮ್‌ನಲ್ಲಿ, 2018ರಲ್ಲಿ ಪ್ರಾಡಾ ಅನ್ನೋ ದೊಡ್ಡ ಫ್ಯಾಷನ್ ಕಂಪನಿಯವರೂ ಅವಳ ಜೊತೆ ಕೆಲಸ ಮಾಡಿದ್ರು. ಅವಳು ಮನುಷ್ಯಳೇ ಅಲ್ಲ! ಕಂಪ್ಯೂಟರ್‌ನಲ್ಲಿ ಮಾಡಿದ ಗೊಂಬೆ. ಬಟ್ಟೆನೂ ಕಂಪ್ಯೂಟರ್‌ನಲ್ಲೇ ತೊಡಿಸ್ತಾರೆ."

"ನೋಡಪ್ಪಾ ಸೀನ, ನಿನ್ನ ಪ್ರತಿಸ್ಪರ್ಧಿ" ಅಂದ ನಾಣಿ. "ಬೆವರಲ್ಲ, ಪಿನ್ ಚುಚ್ಚಲ್ಲ, ಹೊಟ್ಟೆ ಬರಲ್ಲ. ಬಟ್ಟೆ ಹಾಕ್ಕೊಳ್ಳೋ ಉದ್ಯೋಗಕ್ಕೆ ಈಗ ಮೈಯೇ ಬೇಡ ಅಂತಾಗಿದೆ. ಇನ್ನು ಸ್ವಲ್ಪ ದಿನಕ್ಕೆ ಬಟ್ಟೆಯೂ ಬೇಡ ಅಂತಾರೆ, ಬರೀ ಲಿಂಕ್ ಇದ್ರೆ ಸಾಕು."

ಸೀನ ಸಿಟ್ಟಾದ. ಸಿಟ್ಟು ಬಂದ್ರೂ ಕೂರೋ ಹಾಗಿಲ್ಲ, ಕೈ ಕಟ್ಕೊಂಡ್ರೆ ತೋಳು ಸುಕ್ಕಾಗುತ್ತೆ, ಅದಕ್ಕೇ ಬರೀ ಮುಖದಲ್ಲೇ ಸಿಟ್ಟಾದ. "ನಿಮಗೆಲ್ಲ ಇದರ ಕಷ್ಟ ಗೊತ್ತಿಲ್ಲ. ಮೊದಲ ಮೂರು ಸೆಕೆಂಡಲ್ಲಿ ನೋಡೋನನ್ನ ಹಿಡಿದು ಹಾಕ್ಬೇಕು, ಇಲ್ಲಾಂದ್ರೆ ಹೆಬ್ಬೆರಳು ಮೇಲಕ್ಕೆ ತಳ್ಳಿಬಿಡುತ್ತೆ. ಬೆಳಕು ಬೇಕು, ಬೆಳಕು ಬೇಕು ಅಂದ್ರೆ ಬೆಳಿಗ್ಗೆ ಬೇಗ ಏಳಬೇಕು. ಒಂದೇ ಜಾಗದಲ್ಲಿ ಜಿಗಿದು ಬಟ್ಟೆ ಬದಲಾದ ಹಾಗೆ ಕಾಣ್ಸೋ ಟ್ರಾನ್ಸಿಶನ್‌ಗೆ ಮಾಳಿಗೆ ಮೇಲೆ ಎಷ್ಟು ಸಲ ಜಿಗೀತೀನಿ ಗೊತ್ತಾ, ಕೆಳಗಿನ ಮನೆಯವರು ಜಗಳಕ್ಕೆ ಬಂದ್ರು. ಲೈಕಿಗಿಂತ ಸೇವ್ ಮುಖ್ಯ, ಸೇವ್‌ಗಿಂತ ಶೇರ್ ಮುಖ್ಯ, ಇವತ್ತು ಹೀಗೆ ಅಂತಾರೆ ನಾಳೆ ಅಲ್ಗಾರಿದಮ್ ಬದಲಾಯ್ತು ಅಂತಾರೆ. ಒಂದು ದಿನ ಬಿಟ್ರೆ ರೀಚ್ ಬಿದ್ದೋಗುತ್ತೆ. ಜ್ವರ ಬಂದಾಗಲೂ ಹಾಕ್ದೆ, 'ಸಿಕ್ ಡೇ ಲುಕ್' ಅಂತ."

ಪದ್ಮಕ್ಕನಿಗೆ ಪಾಪ ಅನ್ನಿಸ್ತು. "ಅದೇ ನೋಡೋ ಇದರಲ್ಲಿರೋ ತೊಂದರೆ. ಅಂಗಡಿ ನಿಂದು, ಜಾಗ ಬೇರೆಯವರದ್ದು. 2021 ಅಕ್ಟೋಬರ್ 4ನೇ ತಾರೀಕು ಫೇಸ್‌ಬುಕ್ಕು ಇನ್‌ಸ್ಟಾಗ್ರಾಮು ಎಲ್ಲ ಆರು ಗಂಟೆ ಹೊತ್ತು ಮುಚ್ಚಿಹೋಗಿತ್ತಲ್ಲ, ಎಷ್ಟು ಜನ ಅತ್ರೋ ಏನೋ."

"ಆ ಆರು ಗಂಟೆ ಮಾತ್ರ" ಅಂದ ನಾಣಿ, "ಲೋಕದಲ್ಲಿ ಜನ ಬರೀ ಮಾನಕ್ಕೆ, ಚಳಿಗೆ ಅಂತ ಬಟ್ಟೆ ಹಾಕ್ಕೊಂಡಿದ್ರು."

"ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕಂತೆ, ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನವರು ಹೇಳೋ ಲೆಕ್ಕ" ಅಂತ ಪದ್ಮಕ್ಕ ಅಂದಿದ್ದಕ್ಕೆ ಗುಂಡ ತಕ್ಷಣ, "ನಿನ್ನ ರೀಲು ಎಷ್ಟು ಸೆಕೆಂಡು?" ಅಂತ ಕೇಳಿದ.

"15."

"ಸೆಕೆಂಡಿಗೆ 180 ಲೀಟರ್!"

ಯಾರೂ ನಗಲಿಲ್ಲ, ಗುಂಡನಿಗೂ ತಾನು ಹೇಳಿದ್ದು ಜೋಕೋ ಅಲ್ವೋ ಅಂತ ಗೊತ್ತಾಗ್ಲಿಲ್ಲ.

ನಾಣಿ ಸೀನನ ಫೋನ್ ಈಸ್ಕೊಂಡು ಅವನ ಪ್ರೊಫೈಲ್ ಮೇಲಕ್ಕೆ ಕೆಳಕ್ಕೆ ತಳ್ಳಿ ನೋಡಿದ. "ಎಷ್ಟು ಬಟ್ಟೆನೋ ಇದು. ಒಂದೂ ಎರಡನೇ ಸಲ ಕಾಣಲ್ಲ. ನಮ್ಮಪ್ಪಂದು ಒಂದು ನೀಲಿ ಗೆರೆ ಶರ್ಟಿತ್ತು ಕಣೋ, ಮನೇಲಿರೋ ಎಲ್ಲಾ ಫೋಟೋದಲ್ಲೂ ಅದೇ. ನಾನು ಕೈಗೂಸಾಗಿರೋ ಫೋಟೋದಲ್ಲಿ ಕಾಲರ್ ನೆಟ್ಟಗಿದೆ. ತಂಗಿ ಹುಟ್ಟಿದ ಹೊತ್ತಿನದ್ದರಲ್ಲಿ ಕಾಲರ್ ಬಿಚ್ಚಿ ತಿರುಗಿಸಿ ಹೊಲಿಸಿರೋದು ಗೊತ್ತಾಗುತ್ತೆ. ನಾನು ಕಾಲೇಜ್ ಸೇರಿದಾಗಿನ ಫೋಟೋದಲ್ಲಿ ಜೇಬೇ ಇಲ್ಲ, ಜೇಬು ಕಿತ್ತು ಮೊಣಕೈಗೆ ತೇಪೆ ಹಾಕ್ಸಿದ್ರು. ಹಿಂದೆ ತಾರೀಕು ಬರೀಬೇಕಾಗೇ ಇಲ್ಲ, ಶರ್ಟು ನೋಡಿ ಯಾವ ವರ್ಷ ಅಂತ ಹೇಳಬಹುದು. ನಿಂದು ದಿನಕ್ಕೊಂದು ಬಟ್ಟೆ, ಆದ್ರೂ ಎಲ್ಲ ಫೋಟೋನೂ ಒಂದೇ ದಿನ ತೆಗ್ದ ಹಾಗಿದೆಯಲ್ಲೋ."

"ಒಂದೇ ದಿನಾನೇ ತೆಗ್ದಿದ್ದು" ಅಂದ ಸೀನ. "ಬ್ಯಾಚ್ ಶೂಟ್ ಅಂತಾರೆ. ಭಾನುವಾರ ಒಂಬತ್ತು ಬಟ್ಟೆ ಬದಲಾಯಿಸಿ ತೆಗ್ದು ಇಟ್ಕೊಳ್ಳೋದು, ಆಮೇಲೆ ವಾರಪೂರ್ತಿ ಒಂದೊಂದೇ ಹಾಕೋದು."

"ಹಾಗಾದ್ರೆ ವಾರಪೂರ್ತಿ ನೀನು ಏನು ಹಾಕ್ಕೊಂಡಿರ್ತೀಯ?"

"ಮನೇಲಿ ತಾನೆ ಇರ್ತೀನಿ... ಒಂದು ಹಳೇ ಟೀ ಶರ್ಟಿದೆ."

"ಅದನ್ನ ತೋರ್ಸೋ ಮಾರಾಯಾ! ಅದೊಂದೇ ನಿಂದು ಅಂತ ಇರೋದು."

ಸೀನ ಸ್ವಲ್ಪ ಹೊತ್ತು ಯೋಚನೆ ಮಾಡಿ ಮೆತ್ತಗೆ ಕೇಳಿದ, "ನಿಮ್ಮಪ್ಪನ ಶರ್ಟು ಯಾವ ಬ್ರಾಂಡು?"

"ಬ್ರಾಂಡೆಲ್ಲಿ ಬಂತು, ದರ್ಜಿ ಹೊಲಿದಿದ್ದು."

"ಅವರಿಗೆ ಅಕೌಂಟ್ ಏನಾದ್ರೂ ಇದೆಯಾ, ಟ್ಯಾಗ್ ಮಾಡೋಕೆ?"

"ಇತ್ತು, ಒಂದು ಉದ್ದ ಪುಸ್ತಕದಲ್ಲಿ. ಅಪ್ಪ ಅದರಲ್ಲಿ ಬಾಕಿ ಇಟ್ಟಿದ್ರು."

"ಈಗ ಎಲ್ಲಿದೆ ಶರ್ಟು?" ಅಂದ್ರು ಪದ್ಮಕ್ಕ.

"ಕೊನೆಗೆ ನಮ್ಮನೆಯವಳು ಅದನ್ನ ಹರಿದು ಒಲೆ ಹತ್ರ ಮಸಿಬಟ್ಟೆ ಮಾಡ್ಕೊಂಡ್ಳು, ಆಮೇಲೆ ಅದು ಸೈಕಲ್ ಒರೆಸೋಕೆ ಬಂತು."

"ನೋಡಿದ್ಯಾ! ಇದಕ್ಕೇ ಸಸ್ಟೈನಬಲ್ ಫ್ಯಾಷನ್ ಅನ್ನೋದು, ಅಪ್‌ಸೈಕ್ಲಿಂಗ್! ಸೀನಾ, ನೀನು ಈ ನೀಶ್ ಹಿಡಿ, ಅಂದ್ರೆ ಇದೊಂದೇ ವಿಷಯ ಇಟ್ಕೊಂಡು ರೀಲ್ ಮಾಡು. ಫಾಲೋಯರ್ಸ್ ಕಮ್ಮಿ ಇದ್ರೂ ಎಂಗೇಜ್‌ಮೆಂಟ್ ಚೆನ್ನಾಗಿರುತ್ತೆ."

"ಎಂಗೇಜ್‌ಮೆಂಟ್ ವಿಷಯಕ್ಕೆ ಬಂದ್ರೆ ನಮ್ಮನೆಯವಳನ್ನ ಮೀರ್ಸೋರು ಯಾರೂ ಇಲ್ಲ ಬಿಡಿ ಅಕ್ಕ" ಅಂದ ನಾಣಿ, ಪೇಪರ್ ಮತ್ತೆ ಬಿಚ್ಚುತ್ತಾ. "ಮದುವೆ ಆದಾಗಿನಿಂದ ಅವಳು ಫ್ಯಾಷನ್ ಇನ್‌ಫ್ಲುಯೆನ್ಸರೇ. ಬಾಗಿಲ ಹತ್ರ ನಿಂತು ಮೇಲಿಂದ ಕೆಳಗೆ ಒಂದ್ಸಲ ನೋಡಿ 'ಇದನ್ನ ಹಾಕ್ಕೊಂಡು ಹೋಗ್ತೀರಾ?' ಅಂತಾಳೆ, ಅಷ್ಟೇ, ನಾನು ಒಳಗೆ ಹೋಗಿ ಬದಲಾಯಿಸ್ಕೊಂಡು ಬರ್ತೀನಿ. ಫಾಲೋಯರ್ ಒಬ್ಬನೇ. ನೂರಕ್ಕೆ ನೂರು ಎಂಗೇಜ್‌ಮೆಂಟು."

"ಪೇಮೆಂಟು?" ಅಂದ ಗುಂಡ.

"ಅದು ಫಾಲೋಯರ್ ಕಡೆಯಿಂದಾನೇ ಹೋಗುತ್ತೆ. ಪ್ರತಿ ತಿಂಗಳು ಒಂದನೇ ತಾರೀಕು."